ತೂಬಿನ ಕೀಲಿ ಯಾರ ಕೈಯಾಗ?

ಕೆರೆ ಕಟ್ಟಿಸಿದವರ ಹೆಸರು ಕಲ್ಲಿನ ಮೇಲೆ ಉಳಿದಿದೆ. ಮಣ್ಣು ಹೊತ್ತವರ ಹೆಸರು ಮಣ್ಣಾಗಿ ಹೋಗಿದೆ. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ವಿಜಯನಗರ ಕಾಲದ ಶಾಸನವೊಂದಿದೆ. ಒಳ್ಳೆಯ ಕೆರೆಗೆ ಹನ್ನೆರಡು ಲಕ್ಷಣ, ಕೆಟ್ಟ ಕೆರೆಗೆ ಆರು ದೋಷ ಎಂದು ಅದು ಪಟ್ಟಿ ಕೊಡುತ್ತದೆ. ದಿನಕ್ಕೆ ಸಾವಿರ ಆಳು, ನೂರು ಗಾಡಿ, ಎರಡು ವರ್ಷದ ದುಡಿಮೆ ಎಂದು ಲೆಕ್ಕವನ್ನೂ ಕೊಡುತ್ತದೆ. ಕಟ್ಟಿಸಿದ ಭಾಸ್ಕರನ ಹೆಸರಿದೆ. ಸಾವಿರ ಆಳಿನಲ್ಲಿ ಒಬ್ಬನ ಹೆಸರೂ ಇಲ್ಲ. ಮನುಷ್ಯರನ್ನೂ ಗಾಡಿಗಳನ್ನೂ ಒಂದೇ ಸಾಲಿನಲ್ಲಿ ಎಣಿಸಿ ಮುಗಿಸಿದ್ದಾರೆ.

ಈ ಹಳೇ ಲೆಕ್ಕವನ್ನು ಈಗ ಯಾಕೆ ತೆಗೆಯುತ್ತಿದ್ದೇವೆ ಎಂದರೆ, ಈಚೆಗೆ ಒಂದು ಮಾತು ಎಲ್ಲ ಕಡೆ ಓಡಾಡುತ್ತಿದೆ. ಅಧಿಕಾರ ಒಂದೇ ಕಡೆ ಗುಡ್ಡೆಬಿದ್ದರೆ ಕೊಳೆಯುತ್ತದೆ. ದೊಡ್ಡ ಕಚೇರಿ, ದೊಡ್ಡ ಯಂತ್ರ, ದೊಡ್ಡ ಯೋಜನೆ ಇದ್ದಲ್ಲಿ ಲಂಚ ಇದ್ದೇ ಇರುತ್ತದೆ. ಆದ್ದರಿಂದ ತಂತ್ರವನ್ನು ಚಿಕ್ಕದು ಮಾಡಿ, ಊರೂರಿಗೆ ಹಂಚಿ, ಭ್ರಷ್ಟಾಚಾರ ತಾನೇ ಸಾಯುತ್ತದೆ. ಹೀಗೆ ಹೇಳುವವರಲ್ಲಿ ಪ್ರಾಮಾಣಿಕರೂ ಇದ್ದಾರೆ. ಮಾತು ಅರ್ಧ ನಿಜವೂ ಹೌದು. ಆದರೆ ಉಳಿದರ್ಧ ಗೊತ್ತಿರುವುದು ಕೇರಿಗೆ ಮಾತ್ರ. ಆ ಅರ್ಧವನ್ನು ನಾವು ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ನೀರಿನ ಚರಿತ್ರೆಯಿಂದ ಹೇಳಬೇಕೆಂದಿದ್ದೇವೆ. ಕೃಷ್ಣೆ ತುಂಗಭದ್ರೆಯರ ನಡುವಿನ ಈ ದೋ-ಅಬ್‌ನಲ್ಲಿ ರಾಜರು ಕೋಟೆಗಾಗಿ ಬಡಿದಾಡಿದ್ದು ಪಠ್ಯಪುಸ್ತಕದಲ್ಲಿದೆ. ಜನ ನೀರಿಗಾಗಿ ಬಡಿದಾಡಿದ್ದನ್ನು ನಾವೇ ಬರೆದುಕೊಳ್ಳಬೇಕು.

1. ಕೆರೆ

ಕೆರೆಗಿಂತ ವಿಕೇಂದ್ರಿತವಾದ ತಂತ್ರ ಯಾವುದಿದೆ? ಊರ ಮಣ್ಣಿನ ಏರಿ, ಊರ ಕಲ್ಲಿನ ತೂಬು, ಊರ ಮರದ ಬಿರಡೆ. ರಾಜಧಾನಿಯಿಂದ ಎಂಜಿನಿಯರ್ ಬರಬೇಕಿಲ್ಲ, ಟೆಂಡರ್ ಕರೆಯಬೇಕಿಲ್ಲ. ಇಂಥ ಹೊಲಕ್ಕೆ ಇಷ್ಟು ಹೊತ್ತು ಎಂದು ಹಂಚಲು ಗಡಿಯಾರವೂ ಬೇಕಿಲ್ಲ. ಇದನ್ನು ನೋಡಿ ನಮ್ಮ ಪಂಡಿತರು ಗ್ರಾಮ ಗಣರಾಜ್ಯ ಎಂದು ಕಣ್ಣು ತುಂಬಿಕೊಳ್ಳುತ್ತಾರೆ.

ಮೈಸೂರು ಸೀಮೆಯಲ್ಲಿ ತೂಬು ಎತ್ತುವವನಿಗೆ ನೀರಗಂಟಿ ಎಂದು ಹೆಸರು. ಬಹಳಷ್ಟು ಊರುಗಳಲ್ಲಿ ಅವನು ದಲಿತ. ಯಾವ ಗದ್ದೆ ಒಣಗಿದೆ, ಯಾವ ಬದು ಸೋರುತ್ತದೆ, ಏರಿಯ ಯಾವ ಮೂಲೆಯಲ್ಲಿ ಇಲಿ ಬಿಲ ತೋಡಿದೆ, ಎಲ್ಲವೂ ಅವನ ಕಾಲಿಗೆ ಗೊತ್ತು. ಅರ್ಧರಾತ್ರಿಯಲ್ಲಿ ಮಳೆ ಬಂದರೆ ಏರಿಯ ಮೇಲೆ ಓಡುವವನೂ ಅವನೇ. ಇದಕ್ಕೆ ಒಂದಷ್ಟು ಇನಾಂ ಹೊಲ, ಸುಗ್ಗಿಯಲ್ಲಿ ಒಂದಷ್ಟು ಕಾಳು. ಆದರೆ ತೂಬು ಎತ್ತುವ ಕೈ ಅವನದು, ಎತ್ತು ಎನ್ನುವ ಬಾಯಿ ಗೌಡನದು. ಕೆರೆಯ ನೀರನ್ನೆಲ್ಲ ಹಂಚಿದ ಅವನ ಹೆಂಡತಿ, ಕೊಡ ಹಿಡಿದು ಬಾವಿಯ ಹತ್ತಿರ ದೂರದಲ್ಲಿ ನಿಂತು, ಯಾರಾದರೂ ಮೇಲಿನಿಂದ ಸುರಿಯಲಿ ಎಂದು ಕಾಯಬೇಕಿತ್ತು. ಬಾವಿಯಿಂದ ನೀರೆತ್ತುವ ಕಪಿಲೆಯ ತೊಗಲ ಬಾನಿಯನ್ನು ಹೊಲಿದವನು ಮಾದಿಗ. ಅವನು ಹೊಲಿದ ತೊಗಲಿನಲ್ಲಿ ಬಂದ ನೀರು ಮೈಲಿಗೆಯಾಗಲಿಲ್ಲ. ಅವನು ಮುಟ್ಟಿದರೆ ಮಾತ್ರ ಆಯಿತು. ಈ ತರ್ಕವನ್ನು ಯಾವ ಶಾಸನದ ಆರು ದೋಷಗಳಲ್ಲೂ ಸೇರಿಸಿಲ್ಲ.

1923ರಲ್ಲಿ ಮುಂಬಯಿ ಶಾಸನ ಪರಿಷತ್ತು ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ತೆರೆದಿವೆ ಎಂದು ಠರಾವು ಮಾಡಿತು. ಮಹಾಡದ ಪುರಸಭೆಯೂ ಒಪ್ಪಿಕೊಂಡಿತು. ಕಾಗದದಲ್ಲಿ ನೀರು ಬಂತು, ಬೊಗಸೆಯಲ್ಲಿ ಬರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಡನೆ ಹೋಗಿ ಚವದಾರ್ ಕೆರೆಯ ನೀರು ಕುಡಿದರು. ಕುಡಿದವರಿಗೆ ಪೆಟ್ಟು ಬಿದ್ದವು, ಕೆರೆಗೆ ಶುದ್ಧಿ ನಡೆಯಿತು. ಕೋರ್ಟಿನಲ್ಲಿ ಮಾತು ಮುಗಿಯಲು 1937 ಬರಬೇಕಾಯಿತು. ಆ ಕೆರೆಯ ಬಾಗಿಲು ಮುಚ್ಚಿದ್ದು ದಿಲ್ಲಿಯ ಸರ್ಕಾರವಲ್ಲ, ಪಕ್ಕದ ಮನೆಯವರು. ಅಧಿಕಾರ ಚಿಕ್ಕದಾಗಿತ್ತು, ಹತ್ತಿರದಲ್ಲಿತ್ತು. ಹತ್ತಿರ ಇದ್ದದ್ದಕ್ಕೇ ಅದರಿಂದ ತಪ್ಪಿಸಿಕೊಳ್ಳುವುದು ಕಷ್ಟವಾಗಿತ್ತು.

1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರರು ಹಳ್ಳಿಯನ್ನು ಹೊಗಳುವವರ ಮುಖಕ್ಕೆ ಹೊಡೆದಂತೆ, ಅದು ಸಣ್ಣತನದ, ಅಜ್ಞಾನದ, ಕೋಮುಭಾವನೆಯ ಗೂಡು ಎಂಬ ಅರ್ಥದಲ್ಲಿ ಮಾತಾಡಿದರು. ಇದನ್ನು ಕೇಳಿ ಇಂದಿಗೂ ಕೆಲವರಿಗೆ ಮುನಿಸು. ಆದರೆ ಅದೇ ಅಂಬೇಡ್ಕರರು 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ಹೊತ್ತು, ನೀರಾವರಿ, ವಿದ್ಯುತ್ತು, ದಾಮೋದರ ಕಣಿವೆಯ ಕೆಲಸಕ್ಕೆ ತಳಪಾಯ ಹಾಕಿದವರು. ಊರ ಗೌಡನ ಹಿಡಿತವನ್ನು ಮುರಿಯಲು ಊರಿನ ಹೊರಗಿನ ಒಂದು ಶಕ್ತಿ ಬೇಕು. ಆ ಶಕ್ತಿ ಕಾನೂನಿನಿಂದಲೂ ಬರಬಹುದು, ಯಂತ್ರದಿಂದಲೂ ಬರಬಹುದು. ಅವರ ನಡೆಯನ್ನು ನಾವು ಹೀಗೆ ಅರ್ಥ ಮಾಡಿಕೊಳ್ಳುತ್ತೇವೆ.

2. ಆಣೆಕಟ್ಟು

ಆ ಹೊರಗಿನ ಶಕ್ತಿ ನಮ್ಮ ಸೀಮೆಗೂ ಬಂತು. 1945ರ ಫೆಬ್ರುವರಿ 28ರಂದು ತುಂಗಭದ್ರೆಗೆ ಅಡಿಗಲ್ಲು ಬಿತ್ತು. ಒಂದು ದಂಡೆ ನಿಜಾಮನದು, ಇನ್ನೊಂದು ಮದ್ರಾಸಿನದು. ಕಲ್ಲಿಗೆ ಸುಣ್ಣ ಸುರ್ಕಿಯ ಗಾರೆ ಹಾಕಿ ಕಟ್ಟಿದ ಅಣೆಕಟ್ಟಿನಿಂದ 1953ರಲ್ಲಿ ಕಾಲುವೆಗೆ ನೀರು ಬಿಟ್ಟರು. ಎಡದಂಡೆ ಮುಖ್ಯ ಕಾಲುವೆ ಮುನಿರಾಬಾದಿನಿಂದ ಗಂಗಾವತಿ, ಕಾರಟಗಿ, ಸಿಂಧನೂರು ದಾಟಿ ರಾಯಚೂರಿನ ಕಡೆಗೆ 227 ಕಿಲೋಮೀಟರು ಹರಿಯುತ್ತದೆ. ಆದರೆ ಕಾಲುವೆ ಮೇಲಿನ ಜನ ಇವತ್ತಿಗೂ ಮೈಲಿ ಲೆಕ್ಕದಲ್ಲೇ ಮಾತಾಡುತ್ತಾರೆ: ಅರವತ್ತೊಂಬತ್ತನೇ ಮೈಲಿನಾಗ ಗೇಜ್ ಎಷ್ಟೈತಿ, ನೂರಾ ನಾಕಕ್ಕ ಎಷ್ಟು ಬಂದಾವ?

ಮೊದಲ ಯೋಜನೆಯಲ್ಲಿ ಒಂದು ನ್ಯಾಯ ಇತ್ತು. ಬರದ ಸೀಮೆಗೆ ಬರ ತಡೆಯುವಷ್ಟು ನೀರು, ಆದಷ್ಟು ಹೆಚ್ಚು ಜನಕ್ಕೆ. ಜೋಳ, ಹತ್ತಿ, ಶೇಂಗಾ ಮುಖ್ಯ, ಭತ್ತಕ್ಕೆ ಸಣ್ಣ ಪಾಲು. ಯಾವ ಸರ್ವೆ ನಂಬರಿಗೆ ಯಾವ ಬೆಳೆ ಎಂದು ಕಾಗದದ ಮೇಲೆ ಗುರುತು ಹಾಕಿದ್ದರು. ಕರಾವಳಿ ಆಂಧ್ರದಿಂದ ಬಂಡವಾಳವೂ ಭತ್ತದ ಅನುಭವವೂ ಇದ್ದ ರೈತರು ಬಂದು ಕಾಲುವೆಯ ಮೇಲ್ಭಾಗದಲ್ಲಿ ಜಮೀನು ಕೊಂಡರು. ಕ್ಯಾಂಪುಗಳು ಎದ್ದವು, ಅಕ್ಕಿ ಗಿರಣಿಗಳು ಎದ್ದವು. ಅಕ್ಕಿ ಬೇಕಾಗಿದ್ದ ಸರ್ಕಾರ ಕಣ್ಣು ಮುಚ್ಚಿತು. ಇಲ್ಲಿನ ಉಳ್ಳವರೂ ಅದೇ ದಾರಿ ಹಿಡಿದರು. ಭತ್ತ ಜೋಳದ ಹಲವು ಪಟ್ಟು ನೀರು ಕುಡಿಯುತ್ತದೆ. ಮೇಲ್ಭಾಗ ಹಸಿರಾಯಿತು, ಹೆಚ್ಚು ನೀರು ನಿಂತಲ್ಲಿ ಸವಳು ಜವಳಾಯಿತು. ಮಾನ್ವಿ, ಸಿರವಾರ, ರಾಯಚೂರಿನ ಕೊನೆ ಭಾಗ ಕಾನೂನಿನ ಪ್ರಕಾರ ಅಚ್ಚುಕಟ್ಟು, ಕಣ್ಣಿಗೆ ಒಣ ಹೊಲ.

ಬೇರೆ ಸೀಮೆಯಿಂದ ಬಂದು ದುಡಿದವರನ್ನು ಬೈಯುವುದು ನಮ್ಮ ಕೆಲಸವಲ್ಲ. ವಲಸೆ ಬಂದವನು ವೈರಿಯಲ್ಲ. ಕಾಲುವೆಯ ರಚನೆಯನ್ನು ನೋಡಿ ಎನ್ನುತ್ತೇವೆ. ಮೇಲಿದ್ದವನು ಹೊಟ್ಟೆ ತುಂಬ ಕುಡಿದು ಬಿಟ್ಟದ್ದು ಕೆಳಗಿನವನಿಗೆ. ಈ ನಿಯಮ ನಮಗೆ ಹೊಸದೇನಲ್ಲ. ಜಾತಿಯೂ ಇಂಥದೇ ಒಂದು ಕಾಲುವೆ.

ಲಂಚ ಎಲ್ಲಿ ಹುಟ್ಟುತ್ತದೆ? ಇದಕ್ಕೆ 1982ರಲ್ಲಿ ರಾಬರ್ಟ್ ವೇಡ್ ಎಂಬ ವಿದ್ವಾಂಸ ದಕ್ಷಿಣ ಭಾರತದ ಕಾಲುವೆಗಳನ್ನು ನೋಡಿ ಒಂದು ಉತ್ತರ ಬರೆದ. ಎಂಜಿನಿಯರು ಒಳ್ಳೆಯ ಜಾಗಕ್ಕೆ ವರ್ಗವಾಗಲು ಮೇಲಿನವರಿಗೆ ದುಡ್ಡು ಕೊಡುತ್ತಾನೆ. ಕೊಟ್ಟದ್ದನ್ನು ಗುತ್ತಿಗೆದಾರನಿಂದಲೂ ರೈತನಿಂದಲೂ ವಸೂಲಿ ಮಾಡುತ್ತಾನೆ. ಆ ದುಡ್ಡು ರಾಜಕಾರಣಿಯ ಚುನಾವಣೆಗೆ ಹೋಗುತ್ತದೆ. ಗೆದ್ದವನು ಮತ್ತೆ ವರ್ಗಾವಣೆ ಮಾರುತ್ತಾನೆ. ಅಂದರೆ ಒಬ್ಬ ಕೆಟ್ಟ ಅಧಿಕಾರಿ ಇದ್ದದ್ದರಿಂದ ನೀರು ಕಳುವಾಗಲಿಲ್ಲ. ಕುರ್ಚಿಯನ್ನು ಕೊಂಡದ್ದರಿಂದ ನೀರನ್ನು ಮಾರಲೇಬೇಕಾಯಿತು. ಕಾಲುವೆಯಲ್ಲಿ ನೀರು ಎಷ್ಟು ಅನಿಶ್ಚಿತವೋ ಲಂಚ ಅಷ್ಟು ನಿಶ್ಚಿತ. ನಾಳೆ ನೀರು ಬರುತ್ತದೆಂದು ಖಾತ್ರಿಯಿದ್ದರೆ ಯಾರು ದುಡ್ಡು ಬಿಚ್ಚುತ್ತಾರೆ?

ಇದೇ ಎಡದಂಡೆ ಕಾಲುವೆಯ ಮೇಲೆ 1990ರ ದಶಕದಲ್ಲಿ ಅಧ್ಯಯನ ಮಾಡಿದ ಡಚ್ ಸಂಶೋಧಕ ಪೀಟರ್ ಮೊಲ್ಲಿಂಗ ಇನ್ನೊಂದು ಸತ್ಯ ತೋರಿಸಿದ. ತೂಬಿನ ಪೈಪು, ಗೇಟು, ಅದರ ಅಳತೆ ಇವೆಲ್ಲ ಬರೀ ಎಂಜಿನಿಯರಿಂಗ್ ಅಲ್ಲ. ಇಲಾಖೆ ಕೂರಿಸುತ್ತದೆ, ರೈತರು ಒಡೆಯುತ್ತಾರೆ, ಮತ್ತೆ ಮಾತುಕತೆ, ಮತ್ತೆ ಹೊಸ ಅಳತೆ. ಪ್ರತಿ ತೂಬಿನ ಆಕಾರದಲ್ಲೂ ಯಾರು ಯಾರನ್ನು ಮಣಿಸಿದರು ಎಂಬ ಕಥೆ ಇದೆ. ಕಬ್ಬಿಣದ ಗೇಟಿಗೆ ಜಾತಿಯಿಲ್ಲ ಎನ್ನುವವರು ರಾತ್ರಿ ಹೊತ್ತು ಅದನ್ನು ಎತ್ತುವ ಕೈ ಯಾರದೆಂದು ನೋಡಲಿ.

ಈ ಹಸಿರಿನ ನಡುವೆ ದಲಿತರ ಕೈಗೆ ಬಂದದ್ದೇನು? ಒಂದಷ್ಟು ಸರ್ಕಾರಿ ಮಂಜೂರಾತಿ ಜಮೀನು. ಅದನ್ನೂ ಸಾಲಕ್ಕೆ, ಮದುವೆಗೆ, ಕಾಯಿಲೆಗೆ ಉಳ್ಳವರು ಬರೆಸಿಕೊಂಡರು. ಹಾಗೆ ಹೋದ ಭೂಮಿಯನ್ನು ಮರಳಿಸಲು 1978ರಲ್ಲಿ ಪಿ.ಟಿ.ಸಿ.ಎಲ್. ಕಾಯ್ದೆ ಬಂತು. ಉಳಿದಂತೆ ನಾಟಿ ಹಚ್ಚುವ ಕೂಲಿ, ಕಳೆ ಕೀಳುವ ಕೂಲಿ. ಮೊಣಕಾಲುದ್ದ ನೀರಿನಲ್ಲಿ ದಿನವಿಡೀ ಬಾಗಿ ನಿಂತ ಹೆಣ್ಣುಮಗಳು ಸಂಜೆ ಮನೆಗೆ ಹೋಗಿ ಕುಡಿಯುವ ನೀರಿಗೆ ಕೊಡ ಹಿಡಿದು ಸಾಲಿಗೆ ನಿಲ್ಲಬೇಕಿತ್ತು.

3. ಕ್ಯಾಂಪು

ಈ ಕಾಲುವೆಯ ಸೀಮೆಯಲ್ಲಿ ಊರುಗಳಿಗೆ ಹೆಸರಿನ ಬದಲು ಅಂಕಿ ಇರುವ ಜಾಗಗಳಿವೆ. ಆರ್.ಎಚ್. ಕ್ಯಾಂಪ್ ಒಂದು, ಎರಡು, ಮೂರು, ನಾಲ್ಕು. ಆರ್.ಎಚ್. ಎಂದರೆ ಪುನರ್ವಸತಿಗೆ ಇರುವ ಇಂಗ್ಲಿಷ್ ಪದದ ತುಂಡು. 1960ರ ದಶಕದ ಕೊನೆಗೂ 1970ರ ದಶಕದ ಆರಂಭಕ್ಕೂ ನಡುವೆ ಪೂರ್ವ ಪಾಕಿಸ್ತಾನದಿಂದ ಬಂದ ನೂರಾರು ನಿರಾಶ್ರಿತ ಕುಟುಂಬಗಳನ್ನು ಸರ್ಕಾರ ತಂದು ಇಲ್ಲಿ ನೆಲೆ ಮಾಡಿಸಿತು. ಬರ್ಮಾದಿಂದ ಬಂದವರೂ ಇದ್ದರು. ನದಿಗಳ ನಾಡಿನಿಂದ, ಮನೆಗೊಂದು ಹೊಂಡ ಇರುವ ಸೀಮೆಯಿಂದ ಬಂದವರು ಕರಿ ಎರೆ ಭೂಮಿಯಲ್ಲಿ ಗುಡಿಸಲು ಹಾಕಿದರು.

ಇವರಲ್ಲಿ ಹೆಚ್ಚಿನವರು ನಾಮಶೂದ್ರರು. ಈ ಹೆಸರು ನಮ್ಮ ಓದುಗರಿಗೆ ಗೊತ್ತಿರಬೇಕು. 1946ರಲ್ಲಿ ಬಾಬಾಸಾಹೇಬರಿಗೆ ಸಂವಿಧಾನ ಸಭೆಗೆ ಹೋಗಲು ಮುಂಬಯಿಯಲ್ಲಿ ದಾರಿ ಇರಲಿಲ್ಲ. ಅವರನ್ನು ಬಂಗಾಳದಿಂದ ಆರಿಸಿ ಕಳಿಸಿದ್ದು ನಾಮಶೂದ್ರರ ನಾಯಕ ಜೋಗೇಂದ್ರನಾಥ ಮಂಡಲ್ ಮತ್ತು ಅವರ ಸಂಗಾತಿಗಳು. ನಮ್ಮ ಸಂವಿಧಾನದ ಋಣ ಈ ಜನದ ಮೇಲಿದೆ ಎನ್ನುವುದಕ್ಕಿಂತ, ಈ ಜನದ ಋಣ ನಮ್ಮ ಮೇಲಿದೆ ಎನ್ನಬೇಕು. ಪಶ್ಚಿಮ ಬಂಗಾಳದಲ್ಲಿ ಅವರು ಪರಿಶಿಷ್ಟ ಜಾತಿ. ಕರ್ನಾಟಕದ ಪಟ್ಟಿಯಲ್ಲಿ ದಶಕಗಟ್ಟಲೆ ಆ ಹೆಸರೇ ಇರಲಿಲ್ಲ. ರೈಲು ಹತ್ತಿ ಇಳಿಯುವಷ್ಟರಲ್ಲಿ ಅವರ ಜಾತಿ ಕಾಗದದಿಂದ ಅಳಿಸಿಹೋಯಿತು, ಬದುಕಿನಿಂದ ಅಳಿಯಲಿಲ್ಲ. ಜಾತಿ ಪತ್ರ ಒಂದು ಮೇಜಿನ ಮೇಲೆ, ಪೌರತ್ವದ ಕಾಗದ ಇನ್ನೊಂದು ಮೇಜಿನ ಮೇಲೆ, ಜಮೀನಿನ ಪಟ್ಟಾ ಮೂರನೆಯದರ ಮೇಲೆ. ಅಧಿಕಾರ ಒಂದೆಡೆ ಕೂಡಿಬಿದ್ದರೆ ಏನಾಗುತ್ತದೆ ಎಂದು ತಿಳಿಯಲು ಕ್ಯಾಂಪಿನವರಿಗೆ ಯಾವ ಪುಸ್ತಕವೂ ಬೇಡ.

ಇದೇ ನಾಮಶೂದ್ರ ನಿರಾಶ್ರಿತರ ಇನ್ನೊಂದು ದೊಡ್ಡ ಗುಂಪನ್ನು ದಂಡಕಾರಣ್ಯದ ಕಾಡಿಗೆ ಕಳಿಸಿದ್ದರು. ಅಲ್ಲಿ ಬಾಳಲಾಗದೆ ಅವರಲ್ಲಿ ಸಾವಿರಾರು ಮಂದಿ 1978ರಲ್ಲಿ ಸುಂದರಬನದ ಮರಿಚ್‌ಝಾಂಪಿ ದ್ವೀಪಕ್ಕೆ ಹೋದರು. ಸರ್ಕಾರದ ಒಂದು ಕಾಸಿಲ್ಲದೆ ತಾವೇ ಕೊಳವೆ ಬಾವಿ ಹಾಕಿದರು, ಶಾಲೆ ಕಟ್ಟಿದರು, ದವಾಖಾನೆ ನಡೆಸಿದರು, ದೋಣಿ ಮಾಡಿದರು, ಮೀನು ಸಾಕಿದರು. ಜನರೇ ಕಟ್ಟಿಕೊಂಡ ತಂತ್ರ ಎಂದರೆ ಇದು. 1979ರ ಜನವರಿಯಲ್ಲಿ ಅಂದಿನ ಎಡರಂಗ ಸರ್ಕಾರ ದ್ವೀಪಕ್ಕೆ ದಿಗ್ಬಂಧನ ಹಾಕಿತು. ಅನ್ನ ನೀರು ತಡೆಯಿತು. ಪೊಲೀಸರು ಗುಂಡು ಹಾರಿಸಿದರು. ಮೇ ತಿಂಗಳಲ್ಲಿ ಗುಡಿಸಲುಗಳಿಗೆ ಬೆಂಕಿ ಇಟ್ಟು ಉಳಿದವರನ್ನು ಹೊರಗಟ್ಟಿದರು. ಬಡವರ ಹೆಸರಿನಲ್ಲಿ ಅಧಿಕಾರಕ್ಕೆ ಬಂದವರು ಬಡವರು ತಾವಾಗಿ ನಿಂತದ್ದನ್ನು ಸಹಿಸಲಿಲ್ಲ. ಸಣ್ಣ ತಂತ್ರವನ್ನು ಜನ ಕಟ್ಟಬಲ್ಲರು. ಅದನ್ನು ಉಳಿಸಿಕೊಳ್ಳಲು ಹಕ್ಕು ಬೇಕು. ಹಕ್ಕಿಲ್ಲದ ಬಾವಿಯನ್ನು ಒಂದೇ ರಾತ್ರಿಯಲ್ಲಿ ಮುಚ್ಚಬಹುದು.

4. ಬೋರಿಂಗು

ಇನ್ನು ನಮ್ಮ ಪಾಲಿನ ಗೆಲುವಿನ ಕಥೆ. ಅದು ಅಣೆಕಟ್ಟಿನಷ್ಟು ದೊಡ್ಡದಲ್ಲ, ಆಳೆತ್ತರದ್ದೂ ಅಲ್ಲ.

1983ರಲ್ಲಿ ರಾಜ್ಯದಲ್ಲಿ ಸರ್ಕಾರ ಬದಲಾಯಿತು. ಪಂಚಾಯತ್ ರಾಜ್ ಮಂತ್ರಿ ಅಬ್ದುಲ್ ನಜೀರ್ ಸಾಬ್ ಹಳ್ಳಿ ಹಳ್ಳಿಗೆ ಕೊಳವೆ ಬಾವಿ ಕೊರೆಸಿ ಕೈಪಂಪು ಕೂರಿಸಿದರು. ಜನ ಅವರನ್ನು ನೀರ್ ಸಾಬ್ ಎಂದರು. ಅವರೇ ತಂದ 1983ರ ಕಾಯ್ದೆಯಡಿ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿಗಳಿಗೆ ಚುನಾವಣೆ ನಡೆಯಿತು. ಹೆಂಗಸರಿಗೆ ನೂರಕ್ಕೆ 25 ಸ್ಥಾನ, ಪರಿಶಿಷ್ಟರಿಗೂ ಮೀಸಲಾತಿ. ತಂತ್ರವೂ ಅಧಿಕಾರವೂ ಒಟ್ಟಿಗೆ ಕೆಳಗಿಳಿದ ಅಪರೂಪದ ಕಾಲ ಅದು. ಮುಂದಿನ ವರ್ಷ, 1988ರಲ್ಲಿ, ನಜೀರ್ ಸಾಬ್ ತೀರಿಕೊಂಡರು.

ನಮ್ಮ ಸೀಮೆಯವರು ಈ ಕೈಪಂಪಿಗೆ ಬೋರಿಂಗ್ ಎನ್ನುತ್ತಾರೆ. ಬೋರಿಂಗು ಕೇರಿಯೊಳಕ್ಕೆ ಬಂದ ದಿನ ಏನಾಯಿತು ಎನ್ನುವುದನ್ನು ಯಾವ ಇತಿಹಾಸಕಾರನೂ ಬರೆದಿಲ್ಲ. ಬೇಡುವುದು ನಿಂತಿತು. 'ಯವ್ವಾ, ಒಂದು ಕೊಡ ಹಾಕ್ರಿ' ಎಂದು ಸೇದಬಾವಿಯ ಹೊರಗೆ ನಿಂತು ಕೂಗುವ ದನಿ ನಿಂತಿತು. ಮಹಾಡದಲ್ಲಿ ನಾಯಕನೊಬ್ಬ ಸಾವಿರಾರು ಜನರನ್ನು ಕೂಡಿಸಿ ಕೇಳಿದ್ದನ್ನು, ಇಲ್ಲಿ ಒಬ್ಬ ಹುಡುಗಿ ಹಿಡಿಕೆ ಒತ್ತಿ ಪಡೆದಳು. ಸಂಕೋಲೆ ಕಳಚಲಿಲ್ಲ, ಒಂದು ಕೊಂಡಿ ಸಡಿಲವಾಯಿತು. ಊರ ಬಾವಿ ಬತ್ತಿದಾಗ ಊರವರೂ ಕೇರಿಯ ಬೋರಿಂಗಿಗೆ ಬಂದರು. ಬಂದವರು ಮೊದಲು ಹಿಡಿಕೆ ತೊಳೆದರು, ಆಮೇಲೆ ನೀರು ಹೊಡೆದರು. ಆ ತೊಳೆಯುವ ನೀರೂ ಅದೇ ಬೋರಿಂಗಿನದೇ.

ದೇಹಕ್ಕೂ ಒಂದು ಬಿಡುಗಡೆ ಬಂತು. ರಾಯಚೂರು, ಕಲಬುರ್ಗಿ ಕಡೆ ನಾರುಹುಣ್ಣು ಮನೆಮನೆಯ ರೋಗ. ಮೆಟ್ಟಿಲ ಬಾವಿಗೆ ಹುಣ್ಣಿನ ಕಾಲಿಟ್ಟರೆ ಮರಿಹುಳು ನೀರಿಗೆ ಸೇರುತ್ತವೆ. ಕಣ್ಣಿಗೆ ಕಾಣದ ನೀರಿನ ಹುಳ ಅದನ್ನು ನುಂಗುತ್ತದೆ. ಆ ನೀರು ಕುಡಿದವನ ಕಾಲಿನಿಂದ ಸುಮಾರು ಒಂದು ವರ್ಷಕ್ಕೆ ಮೊಳದುದ್ದದ ದಾರದಂಥ ಹುಳು ಹೊರಬರುತ್ತದೆ. ಅದೂ ಬಿತ್ತನೆಯ ಕಾಲಕ್ಕೆ ಬಂದರೆ ಆ ವರ್ಷದ ಕೂಲಿ ಹೋಯಿತು. ಮುಚ್ಚಿದ ಬೋರಿಂಗಿನ ನೀರಿಗೆ ಯಾರೂ ಕಾಲಿಡಲಾರರು, ಆದ್ದರಿಂದ ಈ ಸುತ್ತು ಮುರಿಯಿತು. ಮೆಟ್ಟಿಲ ಬಾವಿ ಮುಚ್ಚಿ, ನೀರು ಸೋಸಿ, ಮನೆಮನೆ ತಿರುಗಿದ ಆರೋಗ್ಯ ಕಾರ್ಯಕರ್ತರ ದುಡಿಮೆಯೂ ಕೂಡಿ 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತವೆಂದು ಘೋಷಣೆಯಾಯಿತು. ಯಾವ ದೇವರ ಹರಕೆಯೂ ಮಾಡದ ಕೆಲಸ ಅದು.

ಆದರೆ ಈ ಯಂತ್ರದೊಳಗೂ ಒಂದು ಕೀಲಿ ಇತ್ತು. 1970ರ ದಶಕದ ಕೊನೆಯಲ್ಲಿ ಬಂದ ಇಂಡಿಯಾ ಮಾರ್ಕ್ 2 ಪಂಪು ಗಟ್ಟಿ. ಆದರೆ ತಳದ ಸಿಲಿಂಡರಿನ ವಾಷರ್ ಸವೆದರೆ, ಮೊದಲು ಅದೂ ತೊಗಲಿನದೇ, ಇಡೀ ಪೈಪಿನ ಸಾಲನ್ನು ಮೇಲೆತ್ತಬೇಕು. ಅದಕ್ಕೆ ಮುಕ್ಕಾಲಿ, ಸರಪಣಿ, ನಾಲ್ಕಾರು ಆಳು, ತಾಲ್ಲೂಕಿನಿಂದ ಒಂದು ಗಾಡಿ. ಗಾಡಿ ಬರಲು ಒಂದು ಅರ್ಜಿ. ಅರ್ಜಿ ಓಡಲು ಒಬ್ಬ ಸದಸ್ಯನ ಕೃಪೆ. ಊರೊಳಗಿನ ಪಂಪು ಒಂದು ದಿನದಲ್ಲಿ ರಿಪೇರಿ ಆಗುತ್ತದೆ, ಕೇರಿಯ ಪಂಪು ತಿಂಗಳು ಕಾಯುತ್ತದೆ. ಕೈಪಂಪು ಕೇರಿಯಲ್ಲಿ, ಪಾನಾ ತಾಲ್ಲೂಕಿನಲ್ಲಿ! 1980ರ ದಶಕದಲ್ಲಿ ಇದನ್ನರಿತವರು ಮಾರ್ಕ್ 3 ಮಾಡಿದರು. ಪೈಪು ಅಗಲ, ಪಿಸ್ಟನ್ನನ್ನು ಪೈಪಿನೊಳಗಿಂದಲೇ ಮೇಲೆ ಎಳೆಯಬಹುದು, ಊರವರೇ ಬಿಚ್ಚಿ ಜೋಡಿಸಬಹುದು. ಉತ್ತರ ಪ್ರದೇಶದ ಬಾಂದಾ ಜಿಲ್ಲೆಯಲ್ಲಿ 1990ರ ದಶಕದಲ್ಲಿ ಮಹಿಳಾ ಸಮಾಖ್ಯಾದ ದಲಿತ ಮತ್ತು ಕೋಲ್ ಹೆಂಗಸರು ಪಾನಾ ಹಿಡಿದು ಪಂಪು ರಿಪೇರಿ ಕಲಿತರು. ಅಕ್ಷರ ಬರದ ಹೆಂಗಸರು ಮೊದಲು ಯಂತ್ರ ಬಿಚ್ಚಿದರು. ಯಂತ್ರದ ಲೆಕ್ಕ ಬರೆಯಲು ಅಕ್ಷರ ಬೇಕೆನಿಸಿ ಆಮೇಲೆ ಅಕ್ಷರ ಕಲಿತರು. ಯಾರದೋ ಮನೆಯಿಂದ ನೀರು ಬೇಡುತ್ತಿದ್ದವರ ಹತ್ತಿರ ಈಗ ಊರೇ 'ಬಾರವ್ವ, ಪಂಪು ಕೆಟ್ಟೈತಿ' ಎಂದು ಬರಬೇಕಾಯಿತು.

5. ಕೀಲಿ ಮತ್ತೆ ಮೇಲಕ್ಕೆ

ಉಳ್ಳವರು ಸುಮ್ಮನಿರುವವರಲ್ಲ. ಕೈಪಂಪಿನ ಪಕ್ಕದ ಹೊಲದಲ್ಲಿ ಕರೆಂಟಿನ ಮೋಟರು ಬಂತು. ದುಡ್ಡಿದ್ದವನು ಆಳಕ್ಕೆ ಹೋದ, ಕೇರಿಯ ಬೋರಿಂಗು ಗಾಳಿ ಉಗುಳಿತು. ಕೊಳವೆ ಬಾವಿಯೂ ವಿಕೇಂದ್ರಿತ ತಂತ್ರವೇ ಅಲ್ಲವೆ? ಹೊಲಕ್ಕೊಂದು, ಮನೆಗೊಂದು. ಆದರೆ ನೆಲದಡಿಯ ನೀರು ಎಲ್ಲರದು, ಮೋಟರು ಒಬ್ಬನದು. ಹಂಚಿದಂತೆ ಕಂಡದ್ದು ಕಸಿದದ್ದಾಯಿತು. ಆಳದ ನೀರಿನಲ್ಲಿ ಫ್ಲೋರೈಡು ಬಂತು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದವರ ಹಲ್ಲು ಕಂದಾಗುತ್ತದೆ, ಇನ್ನೂ ಹೆಚ್ಚಾದರೆ ಮೂಳೆ ಬಿರುಸಾಗಿ ಬೆನ್ನು ಬಾಗುತ್ತದೆ. ಅದಕ್ಕೆ ಪರಿಹಾರವಾಗಿ ನಾಣ್ಯ ಹಾಕಿದರೆ ನೀರು ಕೊಡುವ ಘಟಕಗಳು ಬಂದವು. ಅದು ಕೆಟ್ಟರೆ ಯಾರೂ ಬಿಚ್ಚಲಾರರು, ಗುತ್ತಿಗೆದಾರನೇ ಬರಬೇಕು.

ಲಂಚ ನಿಲ್ಲಿಸುತ್ತೇವೆಂದು ಬಂದ ತಂತ್ರಗಳಲ್ಲಿ ಕೆಲವು ಕೀಲಿಯನ್ನು ಇನ್ನೂ ಮೇಲಕ್ಕೆ ಒಯ್ದವು. 2000ದ ಸುಮಾರಿಗೆ ಬಂದ ಭೂಮಿ ಯೋಜನೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಸೇರಿಸಿತು. ಗ್ರಾಮ ಲೆಕ್ಕಿಗನ ಚೀಲದಲ್ಲಿದ್ದ ಪಹಣಿ ತಾಲ್ಲೂಕಿನ ಕಿಟಕಿಯಲ್ಲಿ 15 ರೂಪಾಯಿಗೆ ಸಿಕ್ಕಿತು. ಲೆಕ್ಕಿಗನ ದರ್ಬಾರು ಮುರಿದದ್ದು ಒಳ್ಳೆಯದೇ, ಅವನಿಗಾಗಿ ನಾವು ಅಳುವುದಿಲ್ಲ. ಆದರೆ ಗಣಕದಲ್ಲಿ ಒಂದು ಹೆಸರು ತಪ್ಪಾಗಿ ಸೇರಿದರೆ? ಚೀಲದ ತಪ್ಪನ್ನು ಚಾವಡಿಯಲ್ಲಿ ನಿಂತು ಜಗಳವಾಡಿ ಕೇಳಬಹುದಿತ್ತು. ಗಣಕದ ತಪ್ಪಿಗೆ ಕೂಲಿ ಬಿಟ್ಟು ತಾಲ್ಲೂಕಿಗೆ, ತಾಲ್ಲೂಕಿನಿಂದ ಉಪವಿಭಾಗಕ್ಕೆ ಅಲೆಯಬೇಕು.

ನೀರಿನಲ್ಲೂ ಇದೇ. 2000ದ ತಿದ್ದುಪಡಿಯಿಂದ ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಕಾನೂನಿನ ಬಲ ಬಂತು. ಕಾಲುವೆಯನ್ನು ರೈತರ ಕೈಗೆ ಕೊಡುತ್ತೇವೆ ಎಂದರು. ರೈತ ಎಂದರೆ ಅಚ್ಚುಕಟ್ಟಿನಲ್ಲಿ ಜಮೀನಿದ್ದವನು. ನಾಟಿ ಹಚ್ಚುವವಳು ರೈತಳಲ್ಲ. 2020ರ ಕೊನೆಯಲ್ಲಿ ಮಸ್ಕಿ ತಾಲ್ಲೂಕಿನ ಪಾಮನಕೆಲ್ಲೂರಿನಲ್ಲಿ ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಜನ ಧರಣಿ ಕೂತರು. 2021ರ ಏಪ್ರಿಲ್‌ನ ಉಪಚುನಾವಣೆಗೂ ಅದೇ ಮಾತು. ಸರ್ಕಾರ ನಂದವಾಡಗಿ ಏತ ನೀರಾವರಿ, ಹನಿ ನೀರಾವರಿ ಎಂದಿತು. ಜನ ಹರಿಯುವ ಕಾಲುವೆ ಬೇಕೆಂದರು. ಹೊಸ ತಂತ್ರಕ್ಕೆ ಹಳ್ಳಿಯವರು ಹೆದರಿದರು ಎಂದು ಕೆಲವರು ನಕ್ಕರು. ಹರಿಯುವ ನೀರನ್ನು ಕಣ್ಣಿನಿಂದ ಅಳೆಯಬಹುದು. ಮುಚ್ಚಿದ ಪೈಪು, ಮೋಟರು, ಕರೆಂಟು, ಕಂಪನಿಯ ರಿಪೇರಿಯವನು, ಇಷ್ಟು ಕೀಲಿಗಳನ್ನು ದಾಟಿ ಬರುವ ನೀರನ್ನು ಯಾರು ಕೇಳಬೇಕು? ಜನ ಕೇಳಿದ್ದು ಈ ಪ್ರಶ್ನೆಯನ್ನು.

ದೊಡ್ಡದೂ ಎಷ್ಟು ದುರ್ಬಲ ಎಂದು 2024ರ ಆಗಸ್ಟ್ 10ರ ರಾತ್ರಿ ಗೊತ್ತಾಯಿತು. ತುಂಗಭದ್ರೆಯ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರು ನದಿಗೆ ಹರಿಯಿತು. ವಾರದೊಳಗೆ ತುರ್ತು ಗೇಟು ಇಳಿಸಿದರು. ಅಲ್ಲಿಯವರೆಗೆ ಲಕ್ಷಾಂತರ ಎಕರೆಯ ಬದುಕು ಒಂದು ಸರಪಣಿಯ ತುಂಡಿನಲ್ಲಿ ನೇತಾಡಿತು. ಅಣೆಕಟ್ಟು ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು. ಹೂಳು ತುಂಬಿ ಈಗ ಅದು 105ರ ಆಸುಪಾಸಿಗೆ ಇಳಿದಿದೆ. ನೀರು ಕಡಿಮೆಯಾದಾಗ ಮೊದಲು ಕಡಿತವಾಗುವುದು ಕೊನೆಯವನ ಪಾಲು.

6. ಹಾಗಾದರೆ?

ಚಿಕ್ಕದು ತಾನಾಗಿ ನ್ಯಾಯವಲ್ಲ, ದೊಡ್ಡದು ತಾನಾಗಿ ಅನ್ಯಾಯವೂ ಅಲ್ಲ. ಚಿಕ್ಕ ಕೆರೆ ನಮ್ಮನ್ನು ಹೊರಗಿಟ್ಟಿತು, ದೊಡ್ಡ ಕಾಲುವೆ ನಮ್ಮನ್ನು ಕೊನೆಗಿಟ್ಟಿತು. ಚಿಕ್ಕ ಬೋರಿಂಗು ಕೇರಿಯೊಳಗೆ ಬಂತು, ದೊಡ್ಡ ಕಾನೂನು ಅದಕ್ಕೆ ಬೆನ್ನೆಲುಬಾಯಿತು.

ನೀರಿನ ಹಕ್ಕನ್ನು ಜಮೀನಿನಿಂದ ಬಿಡಿಸಿದವರು ನಮ್ಮ ನೆರೆಯಲ್ಲೇ ಇದ್ದಾರೆ. ಪುಣೆ ಜಿಲ್ಲೆಯ ನಾಯಗಾಂವದಲ್ಲಿ 1970ರ ದಶಕದಲ್ಲಿ ವಿಲಾಸರಾವ್ ಸಾಳುಂಕೆ ಶುರು ಮಾಡಿದ ಪಾಣಿ ಪಂಚಾಯತಿನಲ್ಲಿ ನೀರು ಎಕರೆಗಲ್ಲ, ತಲೆಗೆ. ತಲೆಗೆ ಅರ್ಧ ಎಕರೆಯ ನೀರು, ಕಬ್ಬು ಬೆಳೆಯುವಂತಿಲ್ಲ, ಭೂಮಿ ಇಲ್ಲದವನಿಗೂ ಪಾಲು. ಸಾಂಗ್ಲಿ ಜಿಲ್ಲೆಯಲ್ಲಿ 1980ರ ದಶಕದ ಕೊನೆಗೆ ಮುಕ್ತಿ ಸಂಘರ್ಷ ಚಳವಳಿಯವರು ಯೇರಳಾ ಹೊಳೆಗೆ ಬಳಿರಾಜ ಅಣೆಕಟ್ಟು ಕಟ್ಟಿದರು. ಅಲ್ಲಿಯೂ ಭೂಹೀನರಿಗೆ ನೀರಿನ ಪಾಲು ಎಂದು ಬರೆದರು. ತಂತ್ರ ಹಳೆಯದೇ, ಕಟ್ಟಳೆ ಹೊಸದು.

ಆದ್ದರಿಂದ ಯಾರೇ ಯಾವುದೇ ಹೊಸ ತಂತ್ರವನ್ನು ಊರಿಗೆ ತಂದರೂ, ಅದು ಪೈಪಾಗಲಿ ಗಣಕವಾಗಲಿ, ನಾವು ನಾಲ್ಕು ಪ್ರಶ್ನೆ ಕೇಳಬೇಕು. ಕೀಲಿ ಯಾರ ಕೈಯಾಗ ಐತಿ? ಕೆಟ್ಟರೆ ಕೇರಿಯ ಹೆಣ್ಣುಮಗಳು ಅದನ್ನು ಬಿಚ್ಚಿ ಜೋಡಿಸಬಲ್ಲಳೆ? ಲೆಕ್ಕ ಎಲ್ಲರ ಕಣ್ಣಿಗೆ ಬೀಳುವ ಗೋಡೆಯ ಮೇಲಿದೆಯೆ? ಕಡಿಮೆ ಬಿದ್ದಾಗ ಕಡಿತ ಮೇಲಿನಿಂದ ಶುರುವೋ ಕೆಳಗಿನಿಂದಲೋ? ನಾಲ್ಕಕ್ಕೂ ಉತ್ತರ ಸಿಕ್ಕುವವರೆಗೆ ಆರತಿ ಎತ್ತುವುದು ಬೇಡ.

ಹಳ್ಳಿಯ ಮೇಷ್ಟರುಗಳಿಗೆ, ಹಾಸ್ಟೆಲಿನ ಹುಡುಗರಿಗೆ ಒಂದು ಮಾತು. ಮಸ್ಕಿಯ ಬೆಟ್ಟದಲ್ಲಿ 1915ರಲ್ಲಿ ಸಿಕ್ಕ ಅಶೋಕನ ಶಾಸನವನ್ನು ನಾವೆಲ್ಲ ಪರೀಕ್ಷೆಗೆ ಓದಿದ್ದೇವೆ, ದೇವಾನಾಂಪ್ರಿಯನ ಜೊತೆಗೆ ಅಶೋಕನೆಂಬ ಹೆಸರು ಸಿಕ್ಕ ಜಾಗ ಎಂದು. ಅದರಲ್ಲಿರುವ ಸಂಗತಿಯನ್ನು ನಮಗೆ ಹೇಳಿಕೊಟ್ಟವರು ಕಡಿಮೆ. ದೊಡ್ಡವರಿಂದ ಮಾತ್ರ ಆಗುವುದೆಂದು ತಿಳಿಯಬೇಡಿ, ಸಣ್ಣವನೂ ಇದನ್ನು ಮುಟ್ಟಬಲ್ಲ ಎಂಬುದು ಅದರ ಸಾರ. ಜನರ ಭಾಷೆಯಲ್ಲಿ, ಬಯಲಿನ ಬಂಡೆಯ ಮೇಲೆ ಅದನ್ನು ಕೆತ್ತಿಸಿದ್ದರು. ನೀರಿನ ಲೆಕ್ಕವೂ ಹಾಗೆ ಬಯಲಿಗೆ ಬರಲಿ. ಇವತ್ತು ಕಾಲುವೆಗೆ ಎಷ್ಟು ನೀರು ಬಿಟ್ಟರು, ನಮ್ಮ ತೂಬಿಗೆ ಎಷ್ಟು ಬಂತು, ಕೇರಿಯ ಬೋರಿಂಗು ಕೆಟ್ಟು ಎಷ್ಟು ದಿನವಾಯಿತು, ರಿಪೇರಿಗೆಂದು ಎಷ್ಟು ಖರ್ಚು ಬರೆದರು, ಇದನ್ನು ಶಾಲೆಯ ಗೋಡೆಯ ಮೇಲೆ ಸುಣ್ಣದಲ್ಲಿ ಮಕ್ಕಳಿಂದ ಬರೆಸಿ. ಮಾಹಿತಿ ಕೇಳುವ ಹಕ್ಕಿನ ಕಾನೂನು 2005ರಿಂದ ದೇಶಕ್ಕೆಲ್ಲ ಇದೆ, ಅರ್ಜಿ ಹಾಕಿ ಕೇಳಿ. ನೀರಾವರಿ ಸಲಹಾ ಸಮಿತಿ ಮುನಿರಾಬಾದಿನಲ್ಲಿ ಕೂಡಿದ ದಿನ, ಅಲ್ಲಿ ಏನು ತೀರ್ಮಾನವಾಯಿತೆಂದು ಕಾಲುವೆಯ ಕೊನೆಯ ಊರಿನಲ್ಲಿ ಡಂಗುರ ಹೊಡೆಯಿರಿ. ಡಂಗುರ ಹೊಡೆಯುವುದು ಹೇಗೆಂದು ನಮ್ಮವರಿಗೆ ಯಾರೂ ಕಲಿಸಬೇಕಿಲ್ಲ. ಇಷ್ಟು ವರ್ಷ ಗೌಡನ ಮಾತನ್ನು ಸಾರಿದ ತಮಟೆ ಅದು. ಇನ್ನು ಮೇಲೆ ನೀರಿನ ಲೆಕ್ಕವನ್ನು ಸಾರಲಿ.